ಸಂಗಮನಾಥನ ಮುಂದೆ ಅತ್ತ ಬಸವಣ್ಣ



ಕಷ್ಟ ಬಂದಾಗ ದೇವರನ್ನು ನೆನೆಯದವರಿಲ್ಲ. ಆದರೆ ಹೇಗೆ ನೆನೆಯಬೇಕು ಎಂಬಲ್ಲಿ ನಮ್ಮ ಜನ ಬಹಳ ತಡವರಿಸುತ್ತಾರೆ. ಗದ್ದುಗೆಯ ದರ್ಶನಕ್ಕೆ ಬರುವ ಹಿರಿಯರನ್ನು ನಾವು ನಿತ್ಯ ನೋಡುತ್ತೇವೆ. ಮುಂಗಾರು ಕೈಕೊಟ್ಟಿರುತ್ತದೆ. ಬಿತ್ತಿದ ಹೆಸರು ಹೊಲದಲ್ಲೇ ಒಣಗಿರುತ್ತದೆ. ಸೊಸೈಟಿ ಸಾಲದ ನೋಟೀಸು ಅಂಗಿಯ ಕಿಸೆಯಲ್ಲಿರುತ್ತದೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುತ್ತಾರೆ. ಆದರೂ ಹೇಗಿದ್ದೀರಿ ಎಂದು ಕೇಳಿದರೆ, ನಿಮ್ಮ ಆಶೀರ್ವಾದದಿಂದ ಎಲ್ಲ ಚಲೋ ಇದೆ ಎನ್ನುತ್ತಾರೆ. ನಮ್ಮ ಮುಂದೆ ಹಾಗೆ ಹೇಳಿದರೆ ಹೋಗಲಿ, ಅದು ದೊಡ್ಡವರ ಮುಂದಿನ ಮರ್ಯಾದೆ. ಆದರೆ ಶಿವನ ಮುಂದೆ ನಿಂತಾಗಲೂ ಅದೇ ಮಾತು! ದೇವರಿಗೆ ದುಃಖ ಹೇಳಿಕೊಂಡರೆ ಭಕ್ತಿ ಕಡಿಮೆಯಾದೀತು, ಸಿಟ್ಟು ತೋರಿಸಿದರೆ ಪಾಪ ತಟ್ಟೀತು ಎಂಬ ಅಂಜಿಕೆ. ಎರಡು ಊದಿನಕಡ್ಡಿ ಹಚ್ಚಿ, ಬಾಯಿಪಾಠದ ನಾಲ್ಕು ಮಾತು ಹೇಳಿ, ಎದೆಯೊಳಗಿನ ಬೆಂಕಿಯನ್ನು ಹಾಗೆಯೇ ಮನೆಗೆ ತಿರುಗಿ ಒಯ್ಯುತ್ತಾರೆ.

ಇಂಥವರಿಗೆ ನಾವು ಬಸವಣ್ಣನವರ ಬಾಳನ್ನು ನೆನಪಿಸುತ್ತೇವೆ. ಬಸವಣ್ಣನವರೆಂದರೆ ಕಲ್ಯಾಣದ ಮಂತ್ರಿ, ಭಕ್ತಿ ಭಂಡಾರಿ, ಅನುಭವ ಮಂಟಪ ಕಟ್ಟಿದವರು ಎಂದು ಎಲ್ಲರಿಗೂ ಗೊತ್ತು. ಬಸವ ಜಯಂತಿಯ ದಿನ ಭಾವಚಿತ್ರದ ಮೆರವಣಿಗೆಯಲ್ಲಿ ನಾವು ಕಾಣುವುದು ಕಿರೀಟ ಧರಿಸಿದ ಶಾಂತ ಮುಖವನ್ನು. ಆದರೆ ಅದೇ ಬಸವಣ್ಣನವರು ದೇವರ ಮುಂದೆ ಬಿದ್ದು ಅತ್ತವರು, ದೇವರೊಡನೆ ವಾದ ಮಾಡಿದವರು, ತಮ್ಮ ಮನಸ್ಸಿನ ಕೊಳೆಯನ್ನು ಯಾರೂ ಕೇಳದಿದ್ದರೂ ದೇವರ ಮುಂದೆ ಬಿಚ್ಚಿಟ್ಟವರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಅವರು ಹುಟ್ಟಿದ್ದು 12ನೆಯ ಶತಮಾನದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಶೈವ ಬ್ರಾಹ್ಮಣ ಮನೆತನದಲ್ಲಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ಅಗ್ರಹಾರದ ಮನೆ, ಹೊತ್ತು ಹೊತ್ತಿಗೆ ಹೋಮ ನೇಮ, ಊರಿನಲ್ಲಿ ಮಾನ. ಹೊರಗಿನಿಂದ ನೋಡಿದವರಿಗೆ ಆ ಹುಡುಗನಿಗೆ ಏನು ಕಡಿಮೆ ಎನಿಸಬೇಕು. ಆದರೆ ಬಸವಣ್ಣನವರ ಕಾಲಕ್ಕೆ ಬಹಳ ಹತ್ತಿರದವನಾದ ಹರಿಹರ ಕವಿ ತನ್ನ ಬಸವರಾಜದೇವರ ರಗಳೆಯಲ್ಲಿ ಬೇರೆಯೇ ಚಿತ್ರ ಕೊಡುತ್ತಾನೆ. ಅವನ ಪ್ರಕಾರ ಬಸವಣ್ಣನವರು ಎಳವೆಯಲ್ಲೇ ತಂದೆ ತಾಯಿಗಳನ್ನು ಕಳೆದುಕೊಂಡರು, ಅಜ್ಜಿಯ ಕೈಯಲ್ಲಿ ಬೆಳೆದರು. ಮುಂದೆ ಬಂದ ಬಸವ ಪುರಾಣಗಳು ತಂದೆ ತಾಯಿ ಇದ್ದರೆಂದೂ, ಉಪನಯನದ ವಿಷಯದಲ್ಲಿ ಮಗನಿಗೂ ತಂದೆಗೂ ಮಾತು ಮುರಿಯಿತೆಂದೂ ಹೇಳುತ್ತವೆ. ಎರಡರಲ್ಲಿ ಯಾವುದನ್ನು ಹಿಡಿದರೂ ಕೊನೆಗೆ ಉಳಿಯುವುದು ಒಂದೇ. ಬಸವಣ್ಣನವರು ಜನಿವಾರ ಬಿಟ್ಟು, ಮನೆ ಬಿಟ್ಟು, ಬಳಗ ಬಿಟ್ಟು ಹೊರಟರು. ಎಳೆಯ ಪ್ರಾಯದಲ್ಲಿ ಹಿಂದೆ ತವರಿಲ್ಲ, ಮುಂದೆ ಊರಿಲ್ಲ ಎಂಬ ಸ್ಥಿತಿ ಎಂಥದೆಂದು ಅನುಭವಿಸಿದವರಿಗೇ ಗೊತ್ತು.

ಅವರು ಹೋಗಿ ಸೇರಿದ್ದು ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮಕ್ಕೆ. ಹರಿಹರ ಅದನ್ನು ಕಪ್ಪಡಿ ಸಂಗಮ ಎಂದು ಕರೆಯುತ್ತಾನೆ. ಇಂದು ನಾವೆಲ್ಲ ಕೂಡಲಸಂಗಮ ಎನ್ನುವುದು ಅದನ್ನೇ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿದೆ. ಅಲ್ಲಿಯ ಸಂಗಮೇಶ್ವರನ ಗುಡಿಯ ಮುಂದೆ ಬಸವಣ್ಣನವರು ಮೊದಲು ಮಾಡಿದ್ದೇನು? ಮಂತ್ರ ಹೇಳಲಿಲ್ಲ, ಸ್ತೋತ್ರ ಹಾಡಲಿಲ್ಲ. ಸಾಷ್ಟಾಂಗ ಬಿದ್ದು ಅತ್ತರು. ತಮಗೆ ಯಾರೂ ಇಲ್ಲ, ನೀನೇ ಗತಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅಲ್ಲಿಯ ಸ್ಥಾನಪತಿ ಈಶಾನ್ಯ ಗುರುಗಳು ಆ ಅಳುವನ್ನು ಕಂಡು ಹತ್ತಿರ ಕರೆದರು. ಹೂ ತರುವುದು, ನೀರು ತರುವುದು, ಸಂಗಮನಾಥನ ಪೂಜೆ ಮಾಡುವುದು, ಹೀಗೆ ದಿನಗಳು ಸುಖವಾಗಿ ಸಾಗಿದವು. ಬೆಂದ ಜೀವಕ್ಕೆ ನೆರಳು ಸಿಕ್ಕಿತು.

ಇಲ್ಲಿಯವರೆಗಿನ ಕಥೆಯನ್ನು ಪುರಾಣ ಹೇಳುವವರು ಚೆನ್ನಾಗಿ ಹೇಳುತ್ತಾರೆ. ಆಮೇಲಿನದನ್ನು ಮಾತ್ರ ಬೇಗ ಬೇಗ ದಾಟಿಬಿಡುತ್ತಾರೆ. ನಮಗೆ ಮುಖ್ಯವೆನಿಸುವುದು ಆಮೇಲಿನದೇ.

ನೆರಳು ಸಿಕ್ಕಿತೆಂದು ನೆಮ್ಮದಿಯಾಗಿದ್ದ ಬಸವಣ್ಣನವರಿಗೆ ಒಂದು ರಾತ್ರಿ ಸಂಗಮನಾಥನು ಕನಸಿನಲ್ಲಿ ಬಂದು, ನೀನು ಇಲ್ಲಿಂದ ಹೊರಟು ಬಿಜ್ಜಳರಾಯನಿರುವ ಮಂಗಳವಾಡಕ್ಕೆ ಹೋಗಬೇಕೆಂದು ಅಪ್ಪಣೆ ಮಾಡಿದನೆಂದು ಹರಿಹರ ಬರೆದಿದ್ದಾನೆ. ಮಂಗಳವಾಡವೆಂದರೆ ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ. ಕಲಚುರಿ ಬಿಜ್ಜಳನ ಊರು, ಅರಮನೆಯ ಊರು, ಕುದುರೆ ಕಾಲಾಳುಗಳ ಊರು. ದೇವರ ಅಪ್ಪಣೆಯಾದ ಮೇಲೆ ಮಹಾಭಕ್ತನು ಏನು ಮಾಡಬೇಕು? ತಲೆಬಾಗಿ ಹೊರಡಬೇಕು ಎಂದು ನಾವು ನೀವು ಹೇಳಿಯೇವು. ಬಸವಣ್ಣನವರು ಹಾಗೆ ಮಾಡಲಿಲ್ಲ. ಎಚ್ಚೆತ್ತು ಕಳವಳಗೊಂಡು ಮತ್ತೆ ಅತ್ತರು. ಈ ಸಲ ಆ ಅಳುವಿನಲ್ಲಿ ಸಿಟ್ಟೂ ಇತ್ತು. ಎಲ್ಲರನ್ನೂ ಬಿಟ್ಟು ನಿನ್ನನ್ನು ನಂಬಿ ಬಂದವನನ್ನು ನೀನೂ ನೂಕುವೆಯಾ, ಇದು ನಿನಗೆ ತರವೇ, ಬೇರೆ ದಿಕ್ಕಿಲ್ಲದವನ ಮೇಲೆ ನಿನಗೆ ಕರುಣೆಯಿಲ್ಲವೇ ಎಂಬ ಭಾವದಲ್ಲಿ ಸಂಗಮನಾಥನನ್ನೇ ದೂರಿದರು. ತಾಯಿಯ ಸೆರಗು ಹಿಡಿದು ನೆಲಕ್ಕೆ ಬಿದ್ದು ಹಟ ಮಾಡುವ ಕೂಸಿನಂತೆ ಹಟ ಮಾಡಿದರು.

ಹಿರಿಯರೇ, ಇದನ್ನು ಸ್ವಲ್ಪ ನಿಂತು ನೋಡಬೇಕು. ಹರಿಹರ ಸಾಮಾನ್ಯ ಕವಿಯಲ್ಲ, ಶಿವನನ್ನೂ ಶಿವಭಕ್ತರನ್ನೂ ಕುರಿತೇ ಬರೆದವನು. ಬಸವಣ್ಣನವರು ದೇವರೊಡನೆ ಜಗಳವಾಡಿದ್ದು ತಪ್ಪೆಂದು ಅವನಿಗೆ ತೋರಿದ್ದರೆ ಅದನ್ನು ಬರೆಯದೆ ಬಿಡಬಹುದಾಗಿತ್ತು. ಬಿಡಲಿಲ್ಲ. ಸಂಗಮನಾಥನಾದರೂ ಆ ದೂರನ್ನು ಕೇಳಿ ಮುನಿದನೇ? ಅದೂ ಇಲ್ಲ. ಅಪ್ಪಣೆಯನ್ನು ಹಿಂದಕ್ಕೆ ಪಡೆಯಲಿಲ್ಲ ಎಂಬುದು ನಿಜ, ಬಸವಣ್ಣನವರು ಹೋಗಲೇಬೇಕಾಯಿತು. ಆದರೆ ನಾನೂ ನಿನ್ನೊಡನೆ ಬರುತ್ತೇನೆ ಎಂದು ಭಾಷೆ ಕೊಟ್ಟನು. ಮಾರನೆಯ ದಿನ ನಂದಿಯ ಬಾಯಿಂದ ಲಿಂಗವು ಹೊರಟು ಬಸವಣ್ಣನವರ ಅಂಗೈಗೆ ಬಂತೆಂದು ರಗಳೆ ಹೇಳುತ್ತದೆ. ಗುಡಿಯ ದೇವರನ್ನು ಬಿಟ್ಟು ಹೇಗಿರಲಿ ಎಂದು ಅತ್ತವರಿಗೆ, ಬಿಟ್ಟಿರಬೇಕಾದ ಪ್ರಮೇಯವೇ ಇಲ್ಲದಂತೆ ದೇವರು ಕೈಯೊಳಗೇ ಬಂದನು. ಇಂದು ನಮ್ಮ ಕರಡಿಗೆಯಲ್ಲಿ, ಶಿವದಾರದಲ್ಲಿ ಎದೆಯ ಮೇಲಿರುವ ಇಷ್ಟಲಿಂಗದ ಹಿಂದೆ ಹೀಗೊಂದು ಕಣ್ಣೀರಿನ ಕಥೆಯಿದೆ. ಪೂಜೆಗೆ ಕುಳಿತಾಗ ಅದನ್ನು ಎಷ್ಟು ಜನ ನೆನೆಯುತ್ತೇವೆ?

ಬಸವಣ್ಣನವರು ಕೇಳಿದ್ದು ಸಿಕ್ಕಲಿಲ್ಲ. ಇಲ್ಲೇ ಇರುತ್ತೇನೆ ಎಂಬುದು ಅವರ ಬೇಡಿಕೆ. ಸಿಕ್ಕದ್ದು ಅದಕ್ಕಿಂತ ದೊಡ್ಡದು. ಆದರೆ ಅವರು ಒಳಗಿದ್ದದ್ದನ್ನು ನುಂಗಿಕೊಂಡು, ಆಗಲಿ ಸ್ವಾಮಿ ಎಂದು ಸುಮ್ಮನೆ ಎದ್ದು ಹೋಗಿದ್ದರೆ ಆ ಸಂಭಾಷಣೆಯೇ ನಡೆಯುತ್ತಿರಲಿಲ್ಲ ಎಂದು ನಮ್ಮ ಭಾವನೆ.

ಮಂಗಳವಾಡದಲ್ಲಿ ಅವರು ಹಿಡಿದದ್ದು ಲೆಕ್ಕ ಬರೆಯುವ ಕರಣಿಕರ ಕೆಲಸ. ಪ್ರಾಮಾಣಿಕತೆಯಿಂದ, ಜಾಣತನದಿಂದ ಮೇಲೇರುತ್ತ ಹೋದರು. ಬಿಜ್ಜಳನು ಚಾಲುಕ್ಯರ ಗದ್ದುಗೆಯನ್ನು ತನ್ನದಾಗಿಸಿಕೊಂಡು ಕಲ್ಯಾಣದಲ್ಲಿ ನೆಲೆಸಿದಾಗ ಬಸವಣ್ಣನವರು ಭಂಡಾರಿಗಳು, ದಂಡನಾಯಕರು. ಆ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅಕ್ಕ ನಾಗಲಾಂಬಿಕೆ, ಅಳಿಯ ಚನ್ನಬಸವಣ್ಣ, ಮಡದಿಯರಾದ ಗಂಗಾಂಬಿಕೆ ನೀಲಾಂಬಿಕೆಯರು, ಮನೆ ತುಂಬ ಜಂಗಮರ ದಾಸೋಹ. ಅಲ್ಲಮಪ್ರಭುಗಳು, ಸೊನ್ನಲಿಗೆಯ ಸಿದ್ಧರಾಮರು, ಉಡುತಡಿಯ ಅಕ್ಕಮಹಾದೇವಿ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚನ್ನಯ್ಯ ಮೊದಲಾಗಿ ನಾನಾ ಕುಲ ಕಸುಬಿನ ಶರಣರ ಹೆಸರುಗಳು ಆ ಕಾಲದೊಡನೆ ಕೂಡಿಕೊಂಡಿವೆ. ಇವನ್ನೆಲ್ಲ ನೀವು ಬಲ್ಲಿರಿ, ಇಲ್ಲಿ ಹೆಚ್ಚು ಹೇಳುವುದಿಲ್ಲ.

ಆದರೆ ಆ ವೈಭವದ ನಡುವೆ ಅವರ ನೋವು ನಿಂತಿತೇ? ಇನ್ನೂ ಹೆಚ್ಚಿತು. ಅರಮನೆಯವರು ಇವನು ರಾಜಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಚಾಡಿ ಹೇಳಿದರು. ಬಿಜ್ಜಳನು ಭಂಡಾರ ತೆಗೆಸಿ ಎಣಿಸಿದನು. ಒಂದು ಹೊನ್ನೂ ಕಡಿಮೆಯಿರಲಿಲ್ಲ ಎಂದು ರಗಳೆಯೂ ಹೇಳುತ್ತದೆ, ಪುರಾಣಗಳೂ ಹೇಳುತ್ತವೆ. ಇತ್ತ ಶಿವಭಕ್ತರಲ್ಲೇ ಕೆಲವರು ಭವಿಯಾದ ಬಿಜ್ಜಳನ ಊಳಿಗ ಮಾಡುವವನು ಎಂಥ ಭಕ್ತ ಎಂದು ಹಂಗಿಸಿದರು. ಎರಡೂ ಕಡೆಯ ಮಾತು ಕೇಳಿ ಬದುಕುವುದು ಕಷ್ಟ. ಊರಿನ ಪಂಚರಾಗಿ, ಸೊಸೈಟಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರಿಗೆ ಇದರ ಬಿಸಿ ಗೊತ್ತಿರುತ್ತದೆ. ಬಸವಣ್ಣನವರು ಇದನ್ನೂ ಒಯ್ದು ಸಂಗಮನಾಥನ ಮುಂದೆಯೇ ಇಟ್ಟರು. ತಾನು ಅರಮನೆಯ ಕೆಲಸ ಮಾಡುವುದು ಶರಣರಿಗಾಗಿ, ತನಗಾಗಿ ಒಂದು ತೃಣವನ್ನೂ ಮುಟ್ಟಿಲ್ಲ, ಇದಕ್ಕೆ ನೀನೇ ಸಾಕ್ಷಿ ಎಂದು ಆಣೆಯಿಟ್ಟು ಹೇಳಿಕೊಂಡರು.

ಅವರ ವಚನಗಳು ಇಂದು ಸುಮಾರು 1400 ದೊರೆತಿವೆ. ಫ. ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಹುಡುಕಿ ಊರೂರು ಅಲೆದು, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಪುಣ್ಯದಿಂದ ಅವು ಮನೆಮನೆಗೆ ಬಂದವು. 1993ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ಶರಣರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಅವನ್ನು ಇಲ್ಲಿ ಎತ್ತಿ ಬರೆಯುವ ಅಗತ್ಯವಿಲ್ಲ, ನಿಮ್ಮಲ್ಲಿ ಹಲವರ ಬಾಯಲ್ಲೇ ಇವೆ. ಆದರೆ ಹಾಡುವಾಗ ಒಂದು ಸಂಗತಿಯನ್ನು ಗಮನಿಸಿರಿ. ಅವುಗಳಲ್ಲಿ ಎಷ್ಟೋ ವಚನಗಳು ಜನರಿಗೆ ಮಾಡಿದ ಉಪದೇಶಗಳಲ್ಲ, ದೇವರಿಗೆ ಹೇಳಿಕೊಂಡ ಮಾತುಗಳು. ಆ ಮಾತುಗಳಲ್ಲಿ ಏನಿದೆ? ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂಬ ದೂರಿದೆ. ಹೊರಗೆ ಭಕ್ತನಂತೆ ಕಾಣುತ್ತೇನೆ, ಒಳಗೆ ಹಾಗಿಲ್ಲ ಎಂಬ ಒಪ್ಪಿಗೆಯಿದೆ. ಸಂಸಾರ ನನ್ನನ್ನು ನುಂಗುತ್ತಿದೆ, ಬೇಗ ಬಾ ಎಂಬ ಕೂಗಿದೆ. ಇಷ್ಟು ಕರೆದರೂ ಓಗೊಡುವುದಿಲ್ಲವೇಕೆ ಎಂಬ ಮುನಿಸಿದೆ. ತಂದೆ ನೀನೇ, ತಾಯಿ ನೀನೇ, ಬಳಗವೂ ನೀನೇ ಎಂಬ ಹಕ್ಕಿನ ಮಾತಿದೆ. ನಾಡಿನ ಭಂಡಾರದ ಕೀಲಿಕೈ ಇಟ್ಟುಕೊಂಡವರು, ಸಾವಿರಾರು ಜನ ಕಾಲಿಗೆ ಬೀಳುತ್ತಿದ್ದವರು ತಮಗಿಂತ ಕಿರಿಯರಿಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡರು. ಹೀಗೆ ಹೇಳುವುದಕ್ಕೆ ದೇವರ ಮೇಲೆ ಎಷ್ಟು ಭರವಸೆಯಿರಬೇಕು! ಹೊಡೆಯುವವನೆಂದು ತಿಳಿದವರ ಮುಂದೆ ಯಾರೂ ತಪ್ಪೊಪ್ಪಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಇದನ್ನೆಲ್ಲ ಅವರು ಹೇಳಿದ್ದು ಸಂಸ್ಕೃತದಲ್ಲಲ್ಲ. ಅಗ್ರಹಾರದಲ್ಲಿ ಹುಟ್ಟಿದವರಿಗೆ ಸಂಸ್ಕೃತ ಬಾರದೆ ಇರಲಿಲ್ಲ. ಹೊಲದಲ್ಲಿ, ಹಟ್ಟಿಯಲ್ಲಿ, ಒಲೆಯ ಮುಂದೆ ಆಡುವ ಕನ್ನಡದಲ್ಲಿ ಹೇಳಿದರು. ನಡುವೆ ಬೇರೊಬ್ಬರು ನಿಂತು ಮಾತು ಮುಟ್ಟಿಸಬೇಕಾದ ದೇವರಲ್ಲ ಅವರ ದೇವರು. ನಮಗೆ ಮಂತ್ರ ಬರುವುದಿಲ್ಲ ಅಪ್ಪಗಳೇ, ಹೇಗೆ ಬೇಡಿಕೊಳ್ಳೋಣ ಎಂದು ಹಳ್ಳಿಯ ತಾಯಂದಿರು ನಮ್ಮನ್ನು ಕೇಳುವುದುಂಟು. ಮಗನ ಸಂಗಡ, ಅಣ್ಣನ ಸಂಗಡ ಯಾವ ಮಾತಿನಲ್ಲಿ ಜಗಳವಾಡುತ್ತೀರೋ ಅದೇ ಮಾತು ಸಾಕು ಎಂದು ನಾವು ಹೇಳುತ್ತೇವೆ.

ಅತ್ತ ಮಾತ್ರಕ್ಕೆ ಬಸವಣ್ಣನವರು ಕೈಕಟ್ಟಿ ಕುಳಿತವರಲ್ಲ. ಕೊಟ್ಟಿಗೆಯಿಂದ ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಕೂಗುವುದನ್ನು ಕೇಳಲಾರದೆ ಅವನ್ನೂ ಕಳ್ಳರಿಗೇ ಮುಟ್ಟಿಸಿದರೆಂಬ ಕಥೆ ಹರಿಹರನಲ್ಲಿದೆ. ತಮ್ಮ ನೋವನ್ನು ದೇವರ ಮುಂದೆ ಇಳಿಸಿ ಬಂದವರಿಗೆ ಇನ್ನೊಬ್ಬರ ನೋವು ಕೇಳಿಸುತ್ತದೆ. ಮೂಕ ಕರುವಿನದೂ ಕೇಳಿಸುತ್ತದೆ.

ಇನ್ನು ಕಲ್ಯಾಣದ ಕೊನೆಯ ದಿನಗಳು. ಹುಟ್ಟಿನಿಂದ ಸಮಗಾರರಾಗಿದ್ದ ಹರಳಯ್ಯನವರ ಮಗನಿಗೆ, ಹುಟ್ಟಿನಿಂದ ಬ್ರಾಹ್ಮಣರಾಗಿದ್ದ ಮಧುವರಸರ ಮಗಳನ್ನು ತಂದುಕೊಂಡರು. ಇಬ್ಬರೂ ಲಿಂಗವಂತರಾದ ಮೇಲೆ ಕುಲ ಎಲ್ಲಿಯದು ಎಂಬುದು ಶರಣರ ನಿಲುವು. ಇದು ವರ್ಣಸಂಕರ ಎಂಬುದು ವಿರೋಧಿಗಳ ಕೂಗು. ಬಿಜ್ಜಳನು ವಿರೋಧಿಗಳ ಮಾತಿಗೆ ಕಿವಿಗೊಟ್ಟನು. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ಆ ದಿನಗಳಲ್ಲಿ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದನ್ನು ಪುರಾಣಗಳು ಬೇರೆ ಬೇರೆಯಾಗಿ ಹೇಳುತ್ತವೆ. 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಕಲ್ಯಾಣ ಹಾಳಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರೊಡನೆ ಒಂದು ತಂಡ ಕಾಡು ಮಲೆ ದಾಟಿ ಉಳವಿಗೆ ಹೋಯಿತು. ಇಂದೂ ನಮ್ಮ ರೈತರು ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗುವುದು ಆ ದಾರಿಯ ನೆನಪಿಗಾಗಿ.

ಇಲ್ಲಿ ಒಬ್ಬ ಹಿರಿಯರು ನಮ್ಮನ್ನು ಕೇಳಿದ ಪ್ರಶ್ನೆಯನ್ನು ಹೇಳಲೇಬೇಕು. ಬಸವಣ್ಣನಂಥವರು ಅಷ್ಟು ಮೊರೆಯಿಟ್ಟರೂ ಹರಳಯ್ಯನನ್ನು ದೇವರು ಯಾಕೆ ಉಳಿಸಲಿಲ್ಲ ಎಂಬುದು ಅವರ ಪ್ರಶ್ನೆ. ಅವರು ಬೆಳೆದ ಮಗನನ್ನು ಕಳೆದುಕೊಂಡವರು, ಸುಮ್ಮನೆ ಚರ್ಚೆಗಾಗಿ ಕೇಳಿದವರಲ್ಲ. ಅದು ಕರ್ಮ, ಇದು ಲೀಲೆ ಎಂದು ಥಟ್ಟನೆ ಉತ್ತರ ಹೇಳುವವರಿದ್ದಾರೆ. ನಾವು ಹಾಗೆ ಹೇಳಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದವರ ಮುಂದೆ ಕರ್ಮದ ಲೆಕ್ಕ ಬಿಚ್ಚುವುದು ಧರ್ಮವಲ್ಲ. ಭಂಡಾರದ ವಿಷಯದಲ್ಲಿ ಬಸವಣ್ಣನವರ ಮೊರೆ ಕೇಳಿಸಿತು, ಮಾನ ಉಳಿಯಿತು. ಹರಳಯ್ಯನವರ ವಿಷಯದಲ್ಲಿ ಆನೆ ನಿಲ್ಲಲಿಲ್ಲ. ಎರಡೂ ಒಬ್ಬರದೇ ಬಾಳಿನಲ್ಲಿ ನಡೆದವು. ಪುರಾಣಿಕರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಡಲಿಲ್ಲ. ನಾವೂ ಮುಚ್ಚಿಡಲಾರೆವು. ನಮಗೆ ಕಾಣುವುದು ಇಷ್ಟು: ಅಂಥ ಹೊತ್ತಿನಲ್ಲಿ ಬಸವಣ್ಣನವರು ಎಲ್ಲಿಗೆ ಹೋದರು? ಬೇರೊಂದು ಅರಮನೆಗೆ ಹೋಗಲಿಲ್ಲ. ದೇವರ ಮೇಲೆ ಮುನಿದು ಲಿಂಗ ಕಳಚಿಡಲಿಲ್ಲ. ಹುಡುಗರಾಗಿದ್ದಾಗ ಎಲ್ಲಿ ಬಿದ್ದು ಅತ್ತಿದ್ದರೋ ಅದೇ ಸಂಗಮಕ್ಕೆ ಹೋದರು. ಆಗ ತಂದೆ ತಾಯಿಯಿಲ್ಲದ ದುಃಖವಿತ್ತು, ಈಗ ಕಟ್ಟಿದ್ದೆಲ್ಲ ಮುರಿದು ಬಿದ್ದ ದುಃಖ. ದೂರನ್ನು ಒಯ್ದದ್ದು ಅದೇ ಬಾಗಿಲಿಗೆ. ಆ ಹಿರಿಯರು ಇದನ್ನು ಕೇಳಿ ಏನೂ ಹೇಳಲಿಲ್ಲ. ಬಹಳ ಹೊತ್ತು ಗದ್ದುಗೆಯ ಮುಂದೆ ಕುಳಿತು, ವಿಭೂತಿ ಹಚ್ಚಿಕೊಂಡು ಎದ್ದು ಹೋದರು. ಮುಂದಿನ ಅಮವಾಸ್ಯೆಗೆ ಮತ್ತೆ ಬಂದರು.

ಸಂಗಮದಿಂದ ಬಸವಣ್ಣನವರು ನೀಲಾಂಬಿಕೆಯವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರೆಂದು ಪರಂಪರೆ ಹೇಳುತ್ತದೆ. ಅವರು ಬರುವಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ದಾರಿಯಲ್ಲೇ ಸಿಕ್ಕಿತು. ನೀಲಮ್ಮನವರು ಮುಂದೆ ಹೆಜ್ಜೆಯಿಡಲಿಲ್ಲ. ಆ ಸಂಗಯ್ಯ ಅಲ್ಲಿದ್ದರೆ ಇಲ್ಲಿಯೂ ಇಲ್ಲವೇ ಎಂದು ಕೃಷ್ಣೆಯ ದಂಡೆಯ ತಂಗಡಗಿಯಲ್ಲೇ ಲಿಂಗದಲ್ಲಿ ಮನಸ್ಸಿಟ್ಟು ಐಕ್ಯರಾದರು. ಅಪ್ಪಣ್ಣನವರ ಸ್ಥಾನವೂ ಅಲ್ಲಿಯೇ ಇದೆ. ಗಂಗಾಂಬಿಕೆಯವರ ಐಕ್ಯಸ್ಥಳವನ್ನು ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ನಡುವೆ ತೋರಿಸುತ್ತಾರೆ.

ಕೂಡಲಸಂಗಮಕ್ಕೆ ಹೋದವರು ನೋಡಿರುತ್ತೀರಿ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಈಗ ಅಲ್ಲಿ ತುಂಬಿ ನಿಂತಿದೆ. ಬಸವಣ್ಣನವರ ಐಕ್ಯಮಂಟಪ ಮುಳುಗಬಾರದೆಂದು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಹೊರಗೆ ಎರಡು ನದಿಗಳ ನೀರು, ಒಳಗೆ ಸಣ್ಣ ಮಂಟಪ. ಜಾತ್ರೆಯ ದಿನ ಬಿಟ್ಟು ಬೇರೆ ದಿನ ಹೋದರೆ ಅಲ್ಲಿ ಗದ್ದಲ ಕಡಿಮೆ. ಮೇಲೆ ಬಂದು ಸಂಗಮನಾಥನ ಗುಡಿಯ ಮುಂದೆ ನಿಂತರೆ, ಊರು ಬಿಟ್ಟು ಬಂದ ಹುಡುಗ ಬಿದ್ದು ಅತ್ತದ್ದು ಇದೇ ದೇವರ ಮುಂದೆ. ಅಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ.